ಶ್ರುತಿ ಇಳಿಸಿದ ಗಿಟಾರು

ಕುಕ್ಕರು ಮೂರು ಸೀಟಿ ಹೊಡೆದ ಮೇಲೆ ಒಲೆ ಆರಿಸಿ ಎಂದು ಹೇಳಿ ಹೆಂಡತಿ ಹೂವು ತರಲು ಹೋಗಿದ್ದರು. ಹಿಂದಿರುಗಿ ಬಂದಾಗ ಮನೆ ತುಂಬ ಸೀದ ಬೇಳೆಯ ವಾಸನೆ. ಅವರು ಹಜಾರದಲ್ಲಿ ಫ್ಯಾನಿನ ಕೆಳಗೆ ಪತ್ರಿಕೆ ಓದುತ್ತ ಕುಳಿತೇ ಇದ್ದರು.

“ರೀ, ಸೀಟಿ ಕೇಳಿಸಲಿಲ್ವಾ?”

“ಎಣಿಸ್ತಾನೇ ಇದೀನಿ ಕಣೆ. ಒಂದೇ ಆಗಿದ್ದು.”

ಪಕ್ಕದ ಮನೆಯವರು ಮಾತ್ರ ಏಳು ಎಣಿಸಿದ್ದರಂತೆ.

ಅವರಿಗೆ ಅರವತ್ತೆರಡು ವರ್ಷ. 2020ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನಿಂದ ಸ್ವಯಂ ನಿವೃತ್ತಿ ಪಡೆದ ಸುಮಾರು 78 ಸಾವಿರ ಮಂದಿಯಲ್ಲಿ ಅವರೂ ಒಬ್ಬರು. ಸಂಸಾರಸ್ಥರು, ಸಾಲವಿಲ್ಲದವರು, ಸಂಜೆ ವಾಕಿಂಗ್ ತಪ್ಪಿಸದವರು. ಇಷ್ಟೇ ಆಗಿದ್ದರೆ ಬರೆಯುವಂಥದ್ದೇನೂ ಇರಲಿಲ್ಲ. ಆದರೆ ನಲವತ್ತು ವರ್ಷಗಳಿಂದ ಪ್ರತಿ ಭಾನುವಾರ ಸಂಜೆ ನಾಲ್ಕು ಗಂಟೆಗೆ ಅವರು ಎಲೆಕ್ಟ್ರಿಕ್ ಗಿಟಾರನ್ನು ಹೆಗಲಿಗೇರಿಸಿ ಹೊರಟುಬಿಡುತ್ತಾರೆ. ರಾಕ್ ಸಂಗೀತ ಅವರ ಹವ್ಯಾಸ. ಅದರಿಂದ ಒಂದು ಪೈಸೆ ಸಂಪಾದಿಸಿದವರಲ್ಲ. ಕಳೆದದ್ದು ಎಷ್ಟು ಎಂಬ ಲೆಕ್ಕ ಹೆಂಡತಿಯ ಬಳಿ ಇದೆ.

ಸೀದ ಬೇಳೆಯ ಮರುದಿನ ಕಿವಿಯ ವೈದ್ಯರಲ್ಲಿಗೆ ಹೋದರು. ಗಾಜಿನ ಬಾಗಿಲಿನ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಸ್ವಲ್ಪ ಹೊತ್ತಿನಲ್ಲೇ ಅವರ ಶ್ರವಣಶಕ್ತಿಯ ನಕ್ಷೆ ಕೈಗೆ ಬಂತು. ಎಡದಲ್ಲಿ ಕೆಳಗಿನ ಸ್ವರಗಳು, ಬಲದಲ್ಲಿ ಮೇಲಿನ ಸ್ವರಗಳು. ಗೆರೆ ಎಡದಲ್ಲಿ ನೆಟ್ಟಗೆ ಸಾಗಿ, 4000 ಹರ್ಟ್ಸ್ ಬಳಿ ಬಾವಿಯೊಳಕ್ಕೆ ಇಳಿದಂತೆ ಇಳಿದಿತ್ತು. “ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ರಾ?” ಎಂದು ವೈದ್ಯರು ಕೇಳಿದರು. ಅವರು ಸ್ವಲ್ಪ ಸಂಕೋಚದಿಂದ, “ಗಿಟಾರ್ ನುಡಿಸ್ತೀನಿ” ಎಂದರು.

ಆ ಬಾವಿ ತೋಡಿದವರು ಯಾರು? ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯ ಎಂಬ ಅಂಗವಿದೆ. ಅದರೊಳಗೆ ಸುಮಾರು 15 ಸಾವಿರ ರೋಮಕೋಶಗಳು ಸಾಲಾಗಿ ನಿಂತಿವೆ. ಗಾಳಿಗೆ ರಾಗಿ ಹೊಲ ತೂಗುವಂತೆ ಇವು ಸದ್ದಿಗೆ ತೂಗುತ್ತವೆ, ತೂಗಿದ್ದನ್ನು ನರಗಳು ಮೆದುಳಿಗೆ ಮುಟ್ಟಿಸುತ್ತವೆ. ಬಿರುಗಾಳಿ ಬೀಸಿದರೆ ಪೈರು ಮಲಗುತ್ತದೆ. ಒಂದೆರಡು ದಿನದಲ್ಲಿ ಎದ್ದು ನಿಂತರೆ ಸರಿ. ಪದೇ ಪದೇ ಬೀಸಿದರೆ ಏಳುವುದೇ ಇಲ್ಲ. ಕೋಳಿಯ ಕಿವಿಯಲ್ಲಿ ಸತ್ತ ರೋಮಕೋಶಗಳ ಜಾಗದಲ್ಲಿ ಹೊಸವು ಹುಟ್ಟುತ್ತವೆ. ಮನುಷ್ಯನಿಗೆ ಆ ಭಾಗ್ಯವಿಲ್ಲ.

ನಷ್ಟ ಮೊದಲು ತಟ್ಟುವುದು ಎತ್ತರದ ಸ್ವರಗಳಿಗೆ. ಮಾತಿನಲ್ಲಿ ಸ, ಶ ಮೊದಲಾದ ಅಕ್ಷರಗಳು ಇರುವುದು ಅಲ್ಲಿಯೇ. ಹಾಗಾಗಿ ಸದ್ದು ಕೇಳಿಸುತ್ತದೆ, ಮಾತು ಅರ್ಥವಾಗುವುದಿಲ್ಲ. ಮೊಮ್ಮಗಳು ಶಾಲು ಕೇಳಿದರೆ ಇವರು ಹಾಲು ತಂದುಕೊಟ್ಟಿದ್ದು ಯಾಕೆಂದು ಅವತ್ತು ತಿಳಿಯಿತು. ಇನ್ನೊಂದು ವಿಷಯವೂ ತಿಳಿಯಿತು. ಕೆಲವು ವರ್ಷಗಳಿಂದ ಅವರು ಆಂಪ್ಲಿಫೈಯರಿನ ಟ್ರೆಬಲ್ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತಿರುಗಿಸುತ್ತ ಬಂದಿದ್ದರು. ಗೆಳೆಯರು “ಕಿವಿ ಕೊರೀತಿದೆ ಮಾರಾಯ” ಎಂದಾಗ, ಅವರಿಗೆ ವಯಸ್ಸಾಯಿತು ಎಂದು ಮನಸ್ಸಿನಲ್ಲೇ ನಕ್ಕಿದ್ದರು.

ಗಿಟಾರು ಮನೆಗೆ ಬಂದದ್ದು 1980ರಲ್ಲಿ, ಎರಡನೇ ಪಿಯುಸಿ ಓದುವಾಗ. ಕಲ್ಕತ್ತೆಯ ಗಿವ್ಸನ್. ತಂತಿಗಳು ಬೆರಳನ್ನು ಕುಯ್ಯುತ್ತಿದ್ದವು. ತಂದೆ ಬೈಯಲಿಲ್ಲ. ಪರೀಕ್ಷೆಗೆ ಮೂರು ತಿಂಗಳು ಮುಂಚೆ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು. ಪರೀಕ್ಷೆ ಮುಗಿದ ಸಂಜೆ ತಾವೇ ಏಣಿ ಹತ್ತಿ ಇಳಿಸಿಕೊಟ್ಟರು. ಇಟ್ಟದ್ದಕ್ಕೆ ಬಂದ ಸಿಟ್ಟು ಆ ಸಂಜೆಯೇ ಹೋಯಿತು, ಇಳಿಸಿಕೊಟ್ಟ ನೆನಪು ಇಂದಿಗೂ ಉಳಿದಿದೆ. ಮುಂದೆ ದೂರವಾಣಿ ಕೆಲಸ ಸಿಕ್ಕಿದ ಮೇಲೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗ ಹೆಕ್ಕಿ, ತಾವೇ ಬೆಸುಗೆ ಹಾಕಿ ಆಂಪ್ಲಿಫೈಯರ್ ಕಟ್ಟಿದರು. ಹಾಡು ಕಲಿಯಲು ಪುಸ್ತಕವಿಲ್ಲ, ಗುರುವಿಲ್ಲ. ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳುವುದೇ ಪಾಠ. ಆ ಕಿವಿಯೇ ಅವರ ಮೇಷ್ಟ್ರಾಗಿತ್ತು.

ತಂಡ ಕಟ್ಟಿದ್ದು 1986ರಲ್ಲಿ. ನಾಲ್ವರು. ತಂಡದ ಹೆಸರು ಮೂರು ಸಲ ಬದಲಾಯಿತು, ಜನ ಬದಲಾಗಲಿಲ್ಲ. ಕಾಲೇಜು ಉತ್ಸವ, ಗೆಳೆಯರ ಮದುವೆ, ಒಮ್ಮೆ ಗಣೇಶನ ಪೆಂಡಾಲು. ಪೆಂಡಾಲಿನಲ್ಲಿ ಎರಡನೆಯ ಹಾಡಿಗೇ ಕರೆಂಟು ತೆಗೆಸಿದರು. 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಲು ಬಂದಾಗ ನಾಲ್ವರೂ ರಜೆ ಹಾಕಿ ಹೋಗಿದ್ದರು. ವೇದಿಕೆಯ ತುಂಬ ಓಡಾಡುತ್ತಿದ್ದ ಮಿಕ್ ಜಾಗರ್‌ಗೆ ಆಗ 59 ವರ್ಷ, ಹಿಂದೆ ಶಾಂತವಾಗಿ ಡ್ರಮ್ಸ್ ಬಾರಿಸುತ್ತಿದ್ದ ಚಾರ್ಲಿ ವಾಟ್ಸ್‌ಗೆ 61. ಬರುವಾಗ ಬಸ್ಸಿನಲ್ಲಿ ಡ್ರಮ್ಸಿನ ಗೆಳೆಯ ಬೆರಳು ಮಡಿಸಿ ಎಣಿಸಿ ಹೇಳಿದ್ದ: “ಅಂದ್ರೆ ನಮಗಿನ್ನೂ ಇಪ್ಪತ್ತು ವರ್ಷ ಇದೆ ಕಣ್ರೋ.”

ಆ ಇಪ್ಪತ್ತು ವರ್ಷ ಮುಗಿದಿದೆ. ಚಾರ್ಲಿ ವಾಟ್ಸ್ 2021ರಲ್ಲಿ ತೀರಿಕೊಂಡರು. ಎಣಿಸಿದ ಗೆಳೆಯನ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿದೆ. ಹಾಡುವವರ ದನಿ ಮೇಲಿನ ಷಡ್ಜ ಮುಟ್ಟುವುದರೊಳಗೆ ಕೆಮ್ಮಾಗುತ್ತದೆ. ಇವರ ಎಡಗೈಯ ತೋರುಬೆರಳಿನ ಗೆಣ್ಣು ಬೆಳಗಿನ ಹೊತ್ತು ಮಡಿಸಲು ಬಾರದು. ಈಗ ಕಿವಿಯೂ ಸೇರಿತು.

ವೈದ್ಯರ ಸಲಹೆ ಸ್ಪಷ್ಟವಾಗಿತ್ತು. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಎಂಬುದು ಕೆಲಸಗಾರರಿಗಾಗಿ ತಜ್ಞರು ಹಾಕಿದ ಮಿತಿ. ಅಲ್ಲಿಂದ ಮೂರು ಡೆಸಿಬಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು. ನೂರಕ್ಕೆ ಬಂದರೆ ಹದಿನೈದೇ ನಿಮಿಷ. ಚಿಕ್ಕ ಗ್ಯಾರೇಜಿನಲ್ಲಿ ಡ್ರಮ್ಸು, ಎರಡು ಗಿಟಾರು ಸೇರಿದರೆ ನೂರು ದಾಟುವುದು ಕಷ್ಟವೇನಲ್ಲ. ಇವರು ಭಾನುವಾರಕ್ಕೆ ಮೂರು ಗಂಟೆಯಂತೆ ನಲವತ್ತು ವರ್ಷ ಕೂತಿದ್ದರು. ಲೆಕ್ಕ ಹಾಕಲು ಹೋಗಿ ಪೆನ್ನು ಕೆಳಗಿಟ್ಟರು.

ಎರಡು ಭಾನುವಾರ ಅವರು ಹೋಗಲಿಲ್ಲ. ಗಿಟಾರನ್ನು ಅಟ್ಟದ ಮೇಲಿಟ್ಟರು. ಈ ಸಲ ಇಡಲು ತಂದೆ ಇರಲಿಲ್ಲ. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಮೂರನೆಯ ಭಾನುವಾರ ನಾಲ್ಕು ಗಂಟೆಗೆ ಹೆಂಡತಿಯೇ ಸ್ಟೂಲು ತಂದಿಟ್ಟು, “ಹತ್ತಿ ಇಳಿಸ್ಕೊಳ್ಳಿ. ನನ್ನ ಕೈಗೆ ನಿಲುಕಲ್ಲ. ಮನೇಲಿ ಕೂತು ಕುಕ್ಕರ್ ಎಣಿಸೋ ಕೆಲಸ ನಿಮ್ಮಿಂದ ಆಗಲ್ಲ” ಎಂದರು.

ಹೋದರು. ಆದರೆ ಮೊದಲಿನಂತೆ ಅಲ್ಲ. ಮೊದಲು ನಕ್ಷೆಯನ್ನು ಗೆಳೆಯರ ಮುಂದೆ ಹರಡಿದರು. ಹತ್ತು ದಿನದೊಳಗೆ ಮೂವರೂ ಪರೀಕ್ಷೆ ಮಾಡಿಸಿಕೊಂಡು ಬಂದರು, ಮೂವರ ಗೆರೆಯಲ್ಲೂ ಒಂದೊಂದು ಬಾವಿ. ಆಮೇಲೆ ಒಂದೊಂದೇ ಬದಲಾವಣೆ. ಡ್ರಮ್ಸಿನ ಜಾಗಕ್ಕೆ ಗಟ್ಟಿ ಸದ್ದು ಮಾಡದ ಎಲೆಕ್ಟ್ರಾನಿಕ್ ಪ್ಯಾಡುಗಳು ಬಂದವು. ಎಲ್ಲರ ಕಿವಿಗೂ ಸಂಗೀತಗಾರರ ಇಯರ್‌ಪ್ಲಗ್ ಬಂತು. ಮಾಮೂಲಿ ಸ್ಪಂಜಿನ ಬಿರಡೆ ಎತ್ತರದ ಸ್ವರಗಳನ್ನೇ ಹೆಚ್ಚು ನುಂಗುತ್ತದೆ. ಇದು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಸಮ ತಗ್ಗಿಸುತ್ತದೆ. ಟ್ರೆಬಲ್ ಗುಂಡಿ ಇನ್ನು ಮುಂದೆ ಬೇಸ್ ಗಿಟಾರಿನ ಗೆಳೆಯನ ವಶ, ನಾಲ್ವರಲ್ಲಿ ಅವನ ಕಿವಿಯೇ ವಾಸಿ.

ಬೆರಳಿಗೂ ಗಂಟಲಿಗೂ ಒಂದೇ ಮದ್ದು ಸಿಕ್ಕಿತು. ತಂತಿಯ ಸ್ವರ ಎಷ್ಟು ಎತ್ತರವೋ ಅದರ ವರ್ಗಕ್ಕೆ ತಕ್ಕಂತೆ ಬಿಗಿತ ಬೇಕು ಎಂಬುದು ಪಿಯುಸಿ ಭೌತಶಾಸ್ತ್ರದ ಪಾಠ. ಗಿಟಾರಿನ ಶ್ರುತಿಯನ್ನು ಎರಡು ಮನೆ ಇಳಿಸಿದರೆ ಸ್ವರದ ಕಂಪನ ಸಂಖ್ಯೆ ನೂರಕ್ಕೆ ಹನ್ನೊಂದರಷ್ಟು ಕಡಿಮೆಯಾಗುತ್ತದೆ. ತಂತಿಯ ಬಿಗಿತ ಮಾತ್ರ ನೂರಕ್ಕೆ ಇಪ್ಪತ್ತೊಂದರಷ್ಟು ಇಳಿಯುತ್ತದೆ. ಹಾಡುವವರಿಗೆ ಷಡ್ಜ ಎಟುಕಿತು, ಇವರ ಗೆಣ್ಣಿಗೆ ನೋವು ತಗ್ಗಿತು. ಇದು ಮುದುಕರ ಉಪಾಯವೆಂದು ನಾಚಬೇಕಾಗಿಲ್ಲ. ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೊಮಿ ಹದಿನೇಳನೆಯ ವಯಸ್ಸಿಗೆ ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡರು. ಅವರು ಎಡಚರಾದ್ದರಿಂದ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಕರಗಿಸಿ ಟೊಪ್ಪಿಗೆ ಮಾಡಿಕೊಂಡರು, ತೆಳು ತಂತಿ ಕಟ್ಟಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಆ ತಗ್ಗಿದ ಭಾರದ ನಾದವನ್ನೇ ಮುಂದಿನ ತಲೆಮಾರಿನ ಗಿಟಾರುಗಾರರು ಅನುಸರಿಸಿದರು. ಇನ್ನು, 1965ರಲ್ಲಿ ಇಪ್ಪತ್ತರ ಹರೆಯದಲ್ಲಿ ಮುಪ್ಪನ್ನು ಹಳಿಯುವ ಹಾಡು ಬರೆದ ‘ದಿ ಹೂ’ ತಂಡದ ಪೀಟ್ ಟೌನ್‌ಶೆಂಡ್‌ಗೆ 2025ರಲ್ಲಿ ಎಂಬತ್ತು ತುಂಬಿತು. ತಮ್ಮ ಕಿವಿ ಕೆಟ್ಟದ್ದನ್ನು ಬಹಿರಂಗವಾಗಿ ಹೇಳಿಕೊಂಡ ಸಂಗೀತಗಾರರಲ್ಲಿ ಅವರೂ ಒಬ್ಬರು.

ಹೀಗಿರುವಾಗ ಮೇಲಿನ ಮಹಡಿಯ ತಾಯಿಯೊಬ್ಬರು ಇಳಿದುಬಂದರು. ಮಗ ಎರಡನೇ ಪಿಯುಸಿ. ಗಿಟಾರು ಹಿಡಿದರೆ ಬಿಡುವುದಿಲ್ಲ, ಬಿಟ್ಟರೆ ಕಿವಿಗೆ ಇಯರ್‌ಫೋನ್. “ಅಂಕಲ್, ನೀವು ಹೇಳಿದ್ರೆ ಕೇಳ್ತಾನೆ. ಗಿಟಾರ್ ಬಿಡೋಕೆ ಹೇಳಿ.”

ಹುಡುಗ ಬಂದ. ಕರೆದದ್ದು ಕೇಳಿಸಲಿಲ್ಲ, ಇಯರ್‌ಫೋನಿನ ಸದ್ದು ಹೊರಗೇ ಕೇಳುತ್ತಿತ್ತು. ಅವರು ಉಪದೇಶ ಮಾಡಲಿಲ್ಲ. ಕಪಾಟಿನಿಂದ ನಕ್ಷೆ ತೆಗೆದು ಕೈಗೆ ಕೊಟ್ಟು, ಆ ಬಾವಿಯ ಮೇಲೆ ಬೆರಳಿಟ್ಟರು. “ಇದು ನನ್ನ ಕಿವಿ. ಇಲ್ಲಿ ನನ್ನ ಮೊಮ್ಮಗಳ ಅರ್ಧ ಮಾತು ಬಿದ್ದುಹೋಗಿದೆ. ನೂರು ಕೋಟಿಗೂ ಹೆಚ್ಚು ಹುಡುಗ ಹುಡುಗಿಯರ ಕಿವಿ ಅಪಾಯದಲ್ಲಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತಿದೆ. ನನಗೆ ಹೇಳೋರು ಇರಲಿಲ್ಲ.” ಹುಡುಗ ನಕ್ಷೆಯನ್ನೇ ನೋಡುತ್ತಿದ್ದ. ವಾರಕ್ಕೆ ನಲವತ್ತು ಗಂಟೆ ಕೇಳುವುದಾದರೆ ಸದ್ದು 80 ಡೆಸಿಬಲ್ ಮೀರಬಾರದು ಎಂಬ ಅದೇ ಸಂಸ್ಥೆಯ ಲೆಕ್ಕವನ್ನೂ ಅವನ ನೋಟುಪುಸ್ತಕದಲ್ಲಿ ಬರೆದುಕೊಟ್ಟರು.

“ಗಿಟಾರು?” ಎಂದು ತಾಯಿ ನೆನಪಿಸಿದರು.

“ಪರೀಕ್ಷೆ ಮುಗಿಯೋವರೆಗೆ ನಮ್ಮ ಅಟ್ಟದ ಮೇಲೆ ಇರಲಿ ತಾಯಿ. ಮುಗಿದ ದಿನ ನಾನೇ ಇಳಿಸಿಕೊಡ್ತೀನಿ.”

ತಾಯಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಹುಡುಗನಿಗೂ ಆಗಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಅವನೇ ಗಿಟಾರು ತಂದುಕೊಟ್ಟ. ಈಗ ಅಟ್ಟದ ಮೇಲೆ, ಹಳೆಯ ಗಿವ್ಸನ್‌ನ ಪಕ್ಕ, ಅದು ಪಂಚೆ ಸುತ್ತಿಕೊಂಡು ಮಲಗಿದೆ. ಪರೀಕ್ಷೆಯ ಕೊನೆಯ ದಿನಕ್ಕೆ ಕ್ಯಾಲೆಂಡರಿನಲ್ಲಿ ಒಂದು ಕೆಂಪು ಗುರುತು ಬಿದ್ದಿದೆ. ಹಾಕಿದವರು ಹೆಂಡತಿ. ಆ ದಿನ ಬಾಗಿಲು ತಟ್ಟಿದರೆ ಇವರಿಗೆ ಕೇಳಿಸದೆ ಹೋದೀತು ಎಂದು, ಅವರು ಮನೆಯಲ್ಲೇ ಇರುವುದಾಗಿ ಹುಡುಗನಿಗೆ ಮಾತು ಕೊಟ್ಟಿದ್ದಾರೆ.