ಹಿಟ್ಟಿನ ಕೋಳಿ ಮತ್ತು ಯಹೂದಿಗಳ ಉಪವಾಸದ ದಿನ

ಕನ್ನಡ ತೆಲುಗುಗಳೆರಡನ್ನೂ ಬೆರೆಸಿ ಆಡುವ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಹಳ್ಳಿಗಳಲ್ಲಿ ‘ನಿವಾಳಿಸು’ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಲೆಯ ಸುತ್ತ ಸುಳಿಸಿದ ಕೋಳಿಯೋ, ಆಯುಧಪೂಜೆಯಂದು ಒಡೆಯುವ ಬೂದುಗುಂಬಳವೋ ಮನುಷ್ಯನಿಗೆ ತಟ್ಟಬೇಕಾದ ಕೇಡನ್ನು ತಾನು ಹೊತ್ತೊಯ್ಯುತ್ತದೆಂಬುದು ನಂಬಿಕೆ. ಯಹೂದಿಗಳಲ್ಲಿಯೂ ಕೆಲವರು ‘ಯೋಮ್ ಕಿಪ್ಪುರ್’ ಎಂಬ ಪ್ರಾಯಶ್ಚಿತ್ತದ ದಿನಕ್ಕೆ ಮುನ್ನ ಹೀಗೆಯೇ ಮೂರು ಬಾರಿ ಕೋಳಿಯನ್ನು ನಿವಾಳಿಸುತ್ತಾರೆ. ‘ಕಪ್ಪಾರೋತ್’ ಎಂದು ಅದರ ಹೆಸರು. ಕೊಯ್ದ ಕೋಳಿಯನ್ನು ಬಡವರಿಗೆ ಕೊಡುವುದುಂಟು. ಕೋಳಿಯ ಬದಲು ಹಣವನ್ನು ನಿವಾಳಿಸಿ ದಾನಮಾಡುವವರೂ ಇದ್ದಾರೆ. 16ನೆಯ ಶತಮಾನದ ಧರ್ಮಶಾಸ್ತ್ರಕಾರ ಯೋಸೆಫ್ ಕಾರೋ ಈ ಪದ್ಧತಿಯನ್ನು ತಡೆಯಬೇಕೆಂದು ಬರೆದನು. ಜನ ಬಿಡಲಿಲ್ಲ.

ಆ ದಿನದ ಮೂಲದಲ್ಲಿಯೂ ಬಲಿಯೇ ಇದೆ. ಯಾಜಕಕಾಂಡದ ಪ್ರಕಾರ ಎರಡು ಹೋತಗಳಿಗೆ ಚೀಟಿ ಹಾಕಿ, ಒಂದನ್ನು ಬಲಿಕೊಟ್ಟು, ಇನ್ನೊಂದರ ತಲೆಯ ಮೇಲೆ ಜನರ ಪಾಪಗಳನ್ನು ಹೊರಿಸಿ ಅಡವಿಗೆ ಅಟ್ಟಬೇಕು. ಕ್ರಿ.ಶ. 70ರಲ್ಲಿ ಜೆರೂಸಲೇಮಿನ ದೇವಾಲಯ ನಾಶವಾದ ಮೇಲೆ ಆ ವಿಧಿ ನಿಂತಿತು. ಉಳಿದದ್ದು ಉಪವಾಸ, ಪ್ರಾರ್ಥನೆ, ಪಾಪನಿವೇದನೆ. ತಿಶ್ರಿ ಮಾಸದ 10ರಂದು, ಹಿಂದಿನ ಸಂಜೆಯಿಂದ ತೊಡಗಿ ಸುಮಾರು 25 ಗಂಟೆಗಳ ಕಾಲ ಅನ್ನವಿಲ್ಲ, ನೀರಿಲ್ಲ. ಸ್ನಾನ, ಅಭ್ಯಂಜನ, ದಾಂಪತ್ಯಸುಖಗಳಿಲ್ಲ. ಕಾಲಿಗೆ ತೊಗಲಿನ ಪಾದರಕ್ಷೆಯಿಲ್ಲ. ಇಷ್ಟಾದರೂ ನೆರೆಯವನಿಗೆ ಎಸಗಿದ ಅನ್ಯಾಯ ಇದರಿಂದ ಕಳೆಯದು. ಅವನ ಬಳಿಗೇ ಹೋಗಿ ಅವನನ್ನು ಸಮಾಧಾನಪಡಿಸಬೇಕೆಂದು ಮಿಶ್ನಾ ವಿಧಿಸುತ್ತದೆ. ಜೈನರ ಕ್ಷಮಾವಣಿಯನ್ನು ಬಲ್ಲವರಿಗೆ ಈ ಕಟ್ಟಳೆ ಅಪರಿಚಿತವೆನಿಸದು.

ಕನ್ನಡದ ವಿದ್ಯಾರ್ಥಿಗೆ ಇಲ್ಲಿ ಜನ್ನನ ‘ಯಶೋಧರ ಚರಿತೆ’ (1209) ನೆನಪಾಗದಿರದು. ಯಶೋಧರ ಕಣ್ಣಾರೆ ಕಂಡದ್ದು ಹೆಂಡತಿಯ ಜಾರತನ. ತಾಯಿಗೆ ಹೇಳಿದ್ದು ಕೆಟ್ಟ ಕನಸೆಂದು. ಆ ಮರೆಮಾಚಿದ ಮಾತಿನಿಂದಲೇ ಬಲಿ ಹುಟ್ಟಿತೆಂಬುದನ್ನು ಪಾಠ ಹೇಳುವವರು ಹೆಚ್ಚಾಗಿ ಗಮನಿಸುವುದಿಲ್ಲ. ಜೀವ ತೆಗೆಯಲೊಲ್ಲದ ಅರಸು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಕತ್ತಿ ತಾಗಿದೊಡನೆ ಅದು ಕೂಗುತ್ತದೆ. ಬದಲಿಗೂ ಬದಲಿಯನ್ನು ಹುಡುಕಿದವನಿಗೆ ಜನ್ನ ವಿನಾಯಿತಿ ಕೊಡುವುದಿಲ್ಲ. ಕೊಲ್ಲುವ ಸಂಕಲ್ಪವೇ ಸಾಕು, ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಕಾರೋ ತಡೆಯಬೇಕೆಂದದ್ದು ಆಚಾರವನ್ನು. ಜನ್ನನ ಕಣ್ಣು ಆಚಾರದ ಹಿಂದಿನ ಮನಸ್ಸಿನ ಮೇಲಿದೆ.

ಯೋಮ್ ಕಿಪ್ಪುರಿನ ಮಧ್ಯಾಹ್ನ ಯಹೂದಿಗಳು ಯೋನನ ಗ್ರಂಥವನ್ನು ಓದುತ್ತಾರೆ. ನಿನೆವೆಯ ಅರಸು ಸಿಂಹಾಸನದಿಂದಿಳಿದು ಬೂದಿಯಲ್ಲಿ ಕುಳಿತು, ಮನುಷ್ಯರೊಡನೆ ದನಕುರಿಗಳಿಗೂ ಉಪವಾಸ ವಿಧಿಸುತ್ತಾನೆ. ಪಟ್ಟಣ ಉಳಿದುದಕ್ಕೆ ಪ್ರವಾದಿ ಸಿಟ್ಟಾದಾಗ, ದೇವರು ಅಲ್ಲಿನ ಜನರ ಜೊತೆಗೆ ಪಶುಗಳನ್ನೂ ಲೆಕ್ಕಕ್ಕೆ ಹಿಡಿದು ಅವನನ್ನು ಪ್ರಶ್ನಿಸುತ್ತಾನೆ. ಗ್ರಂಥ ಆ ಪ್ರಶ್ನೆಯಲ್ಲಿಯೇ ನಿಲ್ಲುತ್ತದೆ. ಇತ್ತ ಮಾರಿಯ ಗುಡಿಯಲ್ಲಿ, ಬಲಿಗೆಂದು ಹಿಡಿದು ತಂದ ಅಭಯರುಚಿಯ ಬಾಯಿಂದ ಆ ಜನ್ಮಗಳ ಕತೆಯನ್ನೆಲ್ಲ ಕೇಳಿದ ಮಾರಿದತ್ತ ಬಲಿಯನ್ನು ಕೈಬಿಡುತ್ತಾನೆ.