ನಗುತ್ತ ಶಿಲುಬೆಯೇರಿದ ವಸಯಿಯ ಮಗ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಎಲಿಫೆಂಟಾ ಗುಹೆಗಳನ್ನೂ ಮಹಾಲಕ್ಷ್ಮಿಯ ಗುಡಿಯನ್ನೂ ಕಾಣದವರು ವಿರಳ. ವಸಯಿಯ ಕೋಟೆಯನ್ನು ಕಂಡವರು ಮಾತ್ರ ಅಷ್ಟಾಗಿ ಸಿಗುವುದಿಲ್ಲ. ಚರ್ಚ್‌ಗೇಟಿನಿಂದ ವಿರಾರದ ಲೋಕಲ್ ಗಾಡಿ ಹಿಡಿದರೆ ಸುಮಾರು 50 ಕಿಲೋಮೀಟರ್ ಹಾದಿ. ಭಾಯಂದರ ದಾಟುತ್ತಲೇ ಗಾಡಿ ಖಾಡಿಯ ಮೇಲಿನ ಉದ್ದನೆಯ ಸೇತುವೆಯನ್ನೇರುತ್ತದೆ. ಆಗ ಬೀಸುವ ಗಾಳಿಗೆ ವಾರದ ಆಯಾಸವೆಲ್ಲ ಇಳಿದಂತಾಗುತ್ತದೆ. ವಸಯಿ ರೋಡ್ ನಿಲ್ದಾಣದಲ್ಲಿಳಿದು ಬಸ್ಸನ್ನೋ ರಿಕ್ಷಾವನ್ನೋ ಹಿಡಿದರೆ ಕೋಟೆ ತಲುಪಬಹುದು. ಕಚೇರಿಗೆ ರಜೆಯಿದ್ದ ಒಂದು ದಿನ ನಾವು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ ಬಂದೆವು.

1534ರಲ್ಲಿ ಗುಜರಾತಿನ ಸುಲ್ತಾನ ಬಹಾದ್ದೂರ್ ಶಹನಿಂದ ಪೋರ್ತುಗೀಜರ ಕೈಸೇರಿದ ಈ ಸ್ಥಳವನ್ನು 1739ರಲ್ಲಿ ಚಿಮಾಜಿ ಅಪ್ಪಾನ ನೇತೃತ್ವದಲ್ಲಿ ಮರಾಠರು ಗೆದ್ದುಕೊಂಡರು. ಈಗ ಅಲ್ಲಿರುವುದು ಮಾಡಿಲ್ಲದ ಇಗರ್ಜಿಗಳು, ಗೋಡೆಗಳಲ್ಲಿ ಬೇರುಬಿಟ್ಟ ಮರಗಳು, ಹಳೆಯ ಗೋರಿಕಲ್ಲುಗಳು. ಇಲ್ಲಿ ಆಳಿದವರ ಹೆಸರುಗಳನ್ನು ಪುಸ್ತಕ ತೆರೆದು ನೋಡಬೇಕು. ಆದರೆ ವಸಯಿಯ ಕ್ರೈಸ್ತರ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಹೆಸರೊಂದಿದೆ. ಅದು ಗೊನ್ಸಾಲೊ ಗಾರ್ಸಿಯಾ.

1556ರ ಸುಮಾರಿಗೆ ವಸಯಿಯಲ್ಲಿ ಹುಟ್ಟಿದ ಇವರ ತಂದೆ ಪೋರ್ತುಗೀಜರು, ತಾಯಿ ಈ ಕೊಂಕಣ ನೆಲದವರು. ಜೆಸುಯಿಟ್ ಪಾದ್ರಿಗಳ ಬಳಿ ಓದಿ, ಮೀಸೆ ಮೂಡುವ ವಯಸ್ಸಿನಲ್ಲೇ ಅವರೊಡನೆ ಜಪಾನಿಗೆ ಹೋದರು. ಅಲ್ಲಿಯ ಭಾಷೆಯನ್ನು ಬೇಗನೆ ಕಲಿತು ಜನರಿಗೆ ಬೇಕಾದವರಾದರು. ಮುಂದೆ ಕೆಲಕಾಲ ವ್ಯಾಪಾರ ಮಾಡಿದರು. ಕೊನೆಗೆ ಅದನ್ನೂ ಬಿಟ್ಟು ಮನಿಲಾದಲ್ಲಿ ಫ್ರಾನ್ಸಿಸ್ಕನ್ ಸಂಘವನ್ನು ಸೇರಿದರು. ಪಾದ್ರಿಯಾಗಿ ಅಲ್ಲ, ಸಾಮಾನ್ಯ ಸಹೋದರರಾಗಿ. 1593ರಲ್ಲಿ ಪೇದ್ರೊ ಬಾಪ್ಟಿಸ್ಟಾ ಎಂಬ ಗುರುಗಳೊಂದಿಗೆ ಮತ್ತೆ ಜಪಾನಿಗೆ ಹೋಗಿ, ಅಲ್ಲಿಯ ಅಧಿಪತಿ ಹಿದೆಯೋಶಿಯ ಮುಂದೆ ದುಭಾಷಿಯಾದರು. ಆ ಸಂಘದವರು ಕ್ಯೋಟೋದಲ್ಲಿ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ನಡೆಸುತ್ತಿದ್ದರು.

1596ರಲ್ಲಿ ಸ್ಪೇನಿನ ಹಡಗೊಂದು ಜಪಾನಿನ ತೀರದಲ್ಲಿ ಒಡೆಯಿತು. ಅದರಿಂದೆದ್ದ ಜಗಳದಲ್ಲಿ, ಪಾದ್ರಿಗಳ ಬೆನ್ನ ಹಿಂದೆ ಸೈನ್ಯವೂ ಬಂದೀತೆಂಬ ಸಂಶಯ ಹಿದೆಯೋಶಿಗೆ ಬಲವಾಯಿತು. 24 ಮಂದಿಗೆ ಮರಣದಂಡನೆಯಾಯಿತು. ಎಡಗಿವಿಯ ಒಂದು ಭಾಗವನ್ನು ಕೊಯ್ದು, ಕೊರೆಯುವ ಚಳಿಯಲ್ಲಿ ಅವರನ್ನು ಕ್ಯೋಟೋದಿಂದ ನಾಗಸಾಕಿಯವರೆಗೆ ಸಾಗಿಸಿದರು. ಸುಮಾರು ಒಂದು ತಿಂಗಳ ಪ್ರಯಾಣ ಅದು. ದಾರಿಯಲ್ಲಿ ಅವರ ಉಪಚಾರಕ್ಕೆಂದು ಬಂದ ಇಬ್ಬರನ್ನೂ ಸೇರಿಸಿಕೊಂಡದ್ದರಿಂದ ಸಂಖ್ಯೆ 26 ಆಯಿತು.

1597ನೆಯ ಫೆಬ್ರವರಿ 5ರಂದು ನಾಗಸಾಕಿಯ ನಿಶಿಜಾಕಾ ಗುಡ್ಡದ ಮೇಲೆ 26 ಶಿಲುಬೆಗಳು ಸಿದ್ಧವಾಗಿದ್ದವು. ಎಲ್ಲರಿಗಿಂತ ಮುಂದಾಗಿ ಬಂದ ಗೊನ್ಸಾಲೊ ಒಂದರ ಬಳಿಗೆ ನಡೆದು, ಇದು ತನ್ನದೇ ಎಂದು ವಿಚಾರಿಸಿದರಂತೆ. ಅಲ್ಲವೆಂದು ಹೇಳಿ ಬೇರೊಂದನ್ನು ತೋರಿಸಿದಾಗ, ಮೊಣಕಾಲೂರಿ ಅದನ್ನು ಅಪ್ಪಿಕೊಂಡರಂತೆ. ಹನ್ನೆರಡು ವರ್ಷದ ಲೂಯಿಸ್ ಇಬಾರಾಕಿ ಎಂಬ ಬಾಲಕನೂ ಅವರಲ್ಲಿದ್ದ. ಶಿಲುಬೆಗೆ ಬಿಗಿದ ಮೇಲೂ ಅವರು ಸ್ತುತಿಗೀತೆಗಳನ್ನು ಹಾಡಿದರು. ಭರ್ಚಿಗಳು ಆ ಹಾಡನ್ನು ನಿಲ್ಲಿಸಿದವು.

ಕೋಟೆಯ ನೆರಳಲ್ಲಿ ಕುಳಿತು ಈ ಕಥೆಯನ್ನು ಹೇಳಿದಾಗ ನಮ್ಮ ಮನೆಯವಳು ಕೇಳಿದ್ದು ಒಂದೇ ಮಾತು: "ಆ ಮಕ್ಕಳ ತಾಯಂದಿರ ಗತಿಯೇನು?"

ಸಾವನ್ನು ನಗುತ್ತ ಎದುರಿಸಿದವರಿಗೆ ಬದುಕಿನ ಮೇಲೆ, ಮನೆಯವರ ಮೇಲೆ ಮಮತೆಯೇ ಇರಲಿಲ್ಲವೆ ಎಂಬ ಸಂಶಯ ಆ ಪ್ರಶ್ನೆಯಲ್ಲಿತ್ತು. ಅದಕ್ಕೆ ಉತ್ತರವನ್ನು ಅವರೊಡನಿದ್ದ ಇನ್ನೊಬ್ಬ ಹುಡುಗ, ಹದಿನಾಲ್ಕರ ತೋಮಸ್ ಕೊಜಾಕಿ ಕೊಟ್ಟಿದ್ದಾನೆ. ತಂದೆಯೊಡನೆಯೇ ಸಾವಿಗೆ ನಡೆದಿದ್ದ ಈತ ದಾರಿಯಲ್ಲಿ ತಾಯಿಗೊಂದು ಕಾಗದ ಬರೆದಿದ್ದ. ನಮಗಾಗಿ ದುಃಖಿಸಬೇಡ, ಸ್ವರ್ಗದಲ್ಲಿ ನಿನಗಾಗಿ ಕಾದಿರುತ್ತೇವೆ, ತಮ್ಮಂದಿರನ್ನು ಚೆನ್ನಾಗಿ ನೋಡಿಕೋ ಎಂಬುದು ಅದರ ಸಾರ. ತಮ್ಮಂದಿರ ಚಿಂತೆ ಮಾಡುವವನನ್ನು ಮಮತೆಯಿಲ್ಲದವನೆಂದು ಹೇಗೆ ಹೇಳುವುದು? ಮಮತೆ ಪೂರ್ತಿಯಾಗಿತ್ತು, ಭಯವೊಂದೇ ಇರಲಿಲ್ಲ. ಮರಣವನ್ನು ಮಹಾನವಮಿಯೆಂದು ಬಗೆದ ಶರಣರ ನಾಡಿನಿಂದ ಬಂದ ನಮಗೆ ಇದು ಪರಕೀಯವಾಗಿ ತೋರಬೇಕಾಗಿಲ್ಲ.

ಗೊನ್ಸಾಲೊ ಅವರ ವಿಷಯದಲ್ಲಿಯೂ ನನಗೆ ದೊಡ್ಡದೆನಿಸುವುದು ಕೊನೆಯ ಒಂದು ದಿನವಲ್ಲ. ವ್ಯಾಪಾರ, ಮನೆ, ಹುಟ್ಟಿದೂರು ಇವನ್ನೆಲ್ಲ ಅವರು ಒಂದೊಂದಾಗಿ ಮೊದಲೇ ಕೊಟ್ಟುಬಿಟ್ಟಿದ್ದರು. ದುಭಾಷಿಯ ಕೆಲಸವಾದರೂ ಎಂಥದು? ತನ್ನ ಮಾತನ್ನು ಹಿಂದಿಟ್ಟು ಇನ್ನೊಬ್ಬರ ಮಾತನ್ನು ಮುಟ್ಟಿಸುವುದು. ದಿನವೂ ಸ್ವಲ್ಪ ಸ್ವಲ್ಪವಾಗಿ ತನ್ನನ್ನು ಕೊಟ್ಟವನಿಗೆ ಕಡೆಯ ದಿನ ಕೊಡಲು ಉಳಿದಿರುವುದು ಸ್ವಲ್ಪವೇ. ಅದಕ್ಕೇ ಕೈ ನಡುಗಲಿಲ್ಲವೇನೋ!

1862ರಲ್ಲಿ ಒಂಬತ್ತನೆಯ ಪೋಪ್ ಪಿಯುಸ್ ಅವರು ಈ 26 ಮಂದಿಯನ್ನೂ ಸಂತರೆಂದು ಸಾರಿದರು. ಭಾರತದಲ್ಲಿ ಹುಟ್ಟಿ ಆ ಪದವಿ ಪಡೆದವರಲ್ಲಿ ಗೊನ್ಸಾಲೊ ಮೊದಲಿಗರು. ನಾಗಸಾಕಿಯ ಗುಡ್ಡದಲ್ಲಿ 1962ರಲ್ಲಿ ಸ್ಮಾರಕವೆದ್ದಿತು. 1998ರಲ್ಲಿ ವಸಯಿ ಪ್ರತ್ಯೇಕ ಧರ್ಮಪ್ರಾಂತವಾಯಿತು. ಗೊನ್ಸಾಲೊ ಅದರ ಪಾಲಕ ಸಂತರು. ವಸಯಿಯ ಗಾಸ್ ಗ್ರಾಮದಲ್ಲಿ ಅವರ ಹೆಸರಿನ ಇಗರ್ಜಿಯಿದೆ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪರಭಾಷೆ ಕಲಿತವರು ನಾವು. ಊರು ಬಿಟ್ಟು ಪರಭಾಷೆ ಕಲಿತು, ಪರರಿಗಾಗಿ ಬಾಳಿದವರೊಬ್ಬರು ನಮ್ಮ ನೆರೆಯಲ್ಲೇ ಹುಟ್ಟಿದ್ದರೆಂಬುದನ್ನು ನಮ್ಮ ಮಕ್ಕಳು ತಿಳಿದಿರಲಿ. ಮಳೆ ಹಿಂದಾದ ಮೇಲೆ ಒಂದು ಭಾನುವಾರ ಅವರನ್ನು ಅಲ್ಲಿಗೆ ಕರೆದೊಯ್ಯಿರಿ. ನೀರು, ಬುತ್ತಿ ಜೊತೆಗಿರಲಿ. ಕೋಟೆ ದೊಡ್ಡದು, ನಡೆಯುವುದು ಬಹಳ.