ಮನೆಯಲ್ಲಿಯೇ ಇರುವವರು

"ನಿಮ್ಮ ಸೊಸೆ ಮನೆಯಲ್ಲಿಯೇ ಇರುತ್ತಾಳಲ್ಲವೆ?" ಎಂದು ಯಾರಾದರೂ ಕೇಳಿದರೆ, "ಹೌದು, ಮನೆಯಲ್ಲಿಯೇ ಇದ್ದಾಳೆ" ಎಂದು ನಾವು ಬಹುಕಾಲ ನಿಶ್ಚಿಂತೆಯಿಂದ ಉತ್ತರ ಕೊಡುತ್ತಿದ್ದೆವು. ಮೂವತ್ತು ವರ್ಷಕಾಲ ಮಕ್ಕಳಿಗೆ ಪದವಿಭಾಗ ಮಾಡಿ ಅರ್ಥ ಹೇಳಿದ ನಮಗೆ ಈ ಒಂದು ಸಣ್ಣ ವಾಕ್ಯದ ಅರ್ಥವು ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳಲು ನಾಚಿಕೆಯೇನೋ ಆಗುತ್ತದೆ. ಆದರೂ ಹೇಳಿಬಿಡುವುದು ಲೇಸು.

ನಮ್ಮ ವಾಸವು ದಾವಣಗೆರೆಯಲ್ಲಿ. ಉದ್ಯೋಗವಿದ್ದದ್ದು ಹರಿಹರದ ಒಂದು ಪ್ರೌಢಶಾಲೆಯಲ್ಲಿ, ಸಂಸ್ಕೃತ ಪಾಠ. ಈಗ ನಿವೃತ್ತರು. ಮಗ, ಸೊಸೆ, ಎರಡು ವರ್ಷದ ಮೊಮ್ಮಗಳು ಬೆಂಗಳೂರಿನಿಂದ ಯುಗಾದಿಗೆಂದು ಬಂದರು. ಆ ಹಬ್ಬದ ದಿನವೇ, 2020ರ ಮಾರ್ಚಿ 25ರಂದು, ದೇಶವೆಲ್ಲ ಬಾಗಿಲು ಮುಚ್ಚಿತು. ಬಂದವರು ಇಲ್ಲಿಯೇ ಉಳಿದರು. ಮುಂದೆ ಮಗನಿಗೆ ಹರಿಹರದ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ ದೊರೆಯಿತು. ಸೊಸೆಯ ಕಚೇರಿಯು ಮಾತ್ರ ಬೆಂಗಳೂರಿನಲ್ಲಿಯೇ ಇದ್ದು, ಅದರ ಲೆಕ್ಕಪತ್ರಗಳು ನಮ್ಮ ನಡುಮನೆಯ ಪಕ್ಕದ ಕೋಣೆಗೆ ಬಂದು ಕುಳಿತವು.

ಆಕೆಯ ದಿನಚರಿಯನ್ನು ವಾಚಕರು ಸ್ವಲ್ಪ ಕೇಳಬೇಕು. ಬೆಳಗಿನ ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ. ಆಮೇಲೆ ರೊಟ್ಟಿ, ಪಲ್ಯ, ಗಂಡನ ಬುತ್ತಿ, ಮಗುವಿನ ಬುತ್ತಿ. ಎಂಟೂವರೆಗೆ ಮಗುವು ಶಾಲೆಯ ವ್ಯಾನು ಹತ್ತುವುದು. ಒಂಬತ್ತೂವರೆಗೆ ಕೋಣೆಯ ಬಾಗಿಲು ಅರ್ಧ ಮುಚ್ಚುವುದು. ಅರ್ಧವೇ, ಪೂರ್ತಿ ಮುಚ್ಚಿದರೆ ಹಾಲಿನವನ ಕೂಗು ಕೇಳಿಸದು. ಊಟದ ಹೊತ್ತಿಗೆ ಎದ್ದು ನಮಗೆ ಬಡಿಸಿ ಮತ್ತೆ ಒಳಗೆ. ಸಂಜೆಯ ಏಳಕ್ಕೆ ಲ್ಯಾಪ್‌ಟಾಪನ್ನು ಮುಚ್ಚಿದ ಕೈಯೇ ಒಲೆಯನ್ನು ಹಚ್ಚುವುದು. ಇಷ್ಟರ ನಡುವೆ ನಾಲ್ಕು ಗಂಟೆಗೆ ಮಗುವು ಶಾಲೆಯಿಂದ ಬಂದಮೇಲೆ ಅರ್ಧ ಗಂಟೆಯ ಬಿಡುವು. ಆ ಅರ್ಧ ಗಂಟೆಯಲ್ಲಿ ಆಕೆ ಕೌದಿ ಹೊಲಿಯುತ್ತಿದ್ದಳು.

ಕೌದಿಯೆಂದರೆ ನಮ್ಮ ಸೀಮೆಯವರಿಗೆ ವಿವರಿಸಬೇಕಾದುದಿಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿನಿಂದ ನಡುವಿಗೆ ಸಾಲುಸಾಲಾಗಿ ಹೊಲಿಗೆ ಹಾಕುತ್ತ ಬರುವುದು. ಸೊಸೆಯ ಕೈಯಲ್ಲಿದ್ದ ಕೌದಿಯು ಆಕೆ ಆರಂಭಿಸಿದುದಲ್ಲ. ನಮ್ಮ ಮನೆಯವರು 2019ರಲ್ಲಿ ತೀರಿಕೊಂಡಾಗ ಅವರ ಟ್ರಂಕಿನಲ್ಲಿ ಅರ್ಧಕ್ಕೆ ನಿಂತಿದ್ದ ಕೌದಿ; ಮೊಮ್ಮಗಳಿಗೆಂದು ತೊಡಗಿದ್ದುದು. ಸೊಸೆ ಅದನ್ನು ಬಿಸಿಲಿಗೆ ಹಾಕಿ, ಕೊಡವಿ, ತಾನು ಮುಂದುವರಿಸಿದಳು. ಮೊಮ್ಮಗಳು ಪಕ್ಕದಲ್ಲಿ ಕುಳಿತು, "ಇದು ಹಸಿರು, ಇದರ ಹತ್ತಿರ ಕೆಂಪು ಇಡಮ್ಮ" ಎಂದು ಅಪ್ಪಣೆ ಕೊಡುವಳು.

ನಾವು ಮಾಡಿದ್ದೇನೆಂದರೆ, ಆ ಅರ್ಧ ಗಂಟೆಯನ್ನು ನಮ್ಮದೆಂದು ತಿಳಿದದ್ದು. ಬ್ಯಾಂಕಿನ ಕಾಗದ, ಮೊಬೈಲಿನ ತೊಂದರೆ, ಔಷಧದ ಚೀಟಿ, ಎಲ್ಲವನ್ನೂ ನಾಲ್ಕು ಗಂಟೆಗೆ ಕೂಡಿಟ್ಟುಕೊಂಡು, "ಈಗ ಬಿಡುವಾಗಿದ್ದೀಯಲ್ಲಮ್ಮ" ಎಂದು ಮುಂದಿಡುತ್ತಿದ್ದೆವು. ಒಂದು ದಿನ ಹರಿಹರದಿಂದ ಹಳೆಯ ಸಹೋದ್ಯೋಗಿಗಳಿಬ್ಬರು ಬಂದರು. ಆಗ ಮೂರು ಗಂಟೆ. ಕೋಣೆಯೊಳಗೆ ಆಕೆ ಮೇಲಧಿಕಾರಿಗಳೊಡನೆ ಮಾತನಾಡುತ್ತಿದ್ದಳು. ನಾವು ಕುಳಿತಲ್ಲಿಂದಲೇ, "ಮೂರು ಲೋಟ ಕಾಫಿ ಆಗಲಮ್ಮ" ಎಂದು ಕೂಗಿದೆವು. ಕಾಫಿ ಬಂತು. ಸ್ನೇಹಿತರು ಹೊಗಳಿ ಹೋದರು. ಆ ಸಂಜೆ ಕೌದಿಯು ಸುರುಳಿಯಾಗಿ ಅಟ್ಟದ ಮೇಲೆ ಹೋಯಿತು.

"ಯಾಕಮ್ಮ?" ಎಂದೆವು.

"ಹೊತ್ತು ಸಾಲೋದಿಲ್ಲ, ಮಾವ. ಬೇಸಿಗೆ ರಜೆಗೆ ನೋಡೋಣ" ಎಂದಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು.

ನಮ್ಮೂರಿನ ಮಂಡಕ್ಕಿ ಭಟ್ಟಿಗಳನ್ನು ನಾವು ಚಿಕ್ಕಂದಿನಿಂದ ಕಂಡವರು. ಬತ್ತವನ್ನು ನೆನೆಸಿ, ಹುರಿದು, ಅಕ್ಕಿ ಮಾಡಿ, ಉಪ್ಪು ಬೆರೆಸಿ, ಕಾದ ಮರಳಿನಲ್ಲಿ ಅರಳಿಸುವ ಆ ಕೆಲಸದಲ್ಲಿ ಮನೆಮಂದಿಯೆಲ್ಲ ತೊಡಗಿರುವುದುಂಟು. ಅಲ್ಲಿ ಮರಳಿನ ಮುಂದೆ ನಿಂತವಳನ್ನು ಯಾರೂ ಕಾಫಿಗೆಂದು ಕರೆಯರು. ಭಟ್ಟಿಗೆ ಹೊಗೆಯುಂಟು, ಕೆಲಸವು ಕಣ್ಣಿಗೆ ಕಾಣುತ್ತದೆ. ಲ್ಯಾಪ್‌ಟಾಪಿಗೆ ಹೊಗೆಯಿಲ್ಲ.

ಆ ರಾತ್ರಿ ನಿದ್ರೆ ಬಾರದೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದೆವು. ಈ ಗ್ರಂಥದ ಓಲೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ಸೂತ್ರಾಧ್ಯಕ್ಷನೆಂಬ ನೂಲಿನ ಅಧಿಕಾರಿಯ ಪ್ರಕರಣವೊಂದಿದೆ. ಮನೆಯಿಂದ ಹೊರಗೆ ಬಾರದೆ ದುಡಿದು ಜೀವಿಸಬೇಕಾದ ಹೆಂಗಸರನ್ನು ಅಲ್ಲಿ ಅನಿಷ್ಕಾಸಿನಿಯರೆಂದು ಕರೆದಿದೆ. ಅವರಿಗೆ ಕೆಲಸವನ್ನು ದಾಸಿಯರ ಮೂಲಕ ಮರ್ಯಾದೆಯಿಂದ ಮನೆಗೇ ಕಳುಹಿಸಬೇಕು. ನೂಲನ್ನು ತಾವೇ ತಂದೊಪ್ಪಿಸುವವರು ನಸುಕಿನಲ್ಲಿ ಬಂದರೆ ದೀಪವು ನೂಲನ್ನು ಪರೀಕ್ಷಿಸುವಷ್ಟೇ ಇರಬೇಕು. ಅಧಿಕಾರಿಯು ಹೆಂಗಸಿನ ಮುಖವನ್ನು ನೋಡಿದರೆ, ಕೆಲಸಕ್ಕೆ ಸಂಬಂಧಿಸದ ಮಾತನ್ನಾಡಿದರೆ, ದಂಡ. ಕೂಲಿ ಕೊಡಲು ತಡಮಾಡಿದರೆ ಅದಕ್ಕಿಂತ ಹೆಚ್ಚಿನ ದಂಡ. (ಈಗಿನ ಅಧಿಕಾರಿಗಳು ಮುಖವನ್ನು ತೋರಿಸೆಂದೇ ಕೇಳುತ್ತಾರಂತೆ. ಅದು ಹಾಗಿರಲಿ.) ಈ ಪ್ರಕರಣವನ್ನು ನಾವು ಎಷ್ಟೋ ಸಲ ಓದಿದ್ದೆವು. ಅಧಿಕಾರಿಗೆ ಇಷ್ಟೆಲ್ಲ ದಂಡ ವಿಧಿಸಿದ ಕೌಟಿಲ್ಯನು, ನೂಲುವವಳನ್ನು ನಡುವೆ ಕರೆದು ಎಬ್ಬಿಸುವ ಮಾವನಿಗೆ ಏನನ್ನೂ ವಿಧಿಸಿಲ್ಲವೆಂಬುದು ಆ ರಾತ್ರಿಯೇ ನಮಗೆ ಹೊಳೆದದ್ದು.

ಅದಕ್ಕಿಂತ ಕಷ್ಟದ ಇನ್ನೊಂದು ಸಂಗತಿ ನೆನಪಾಯಿತು. ನಮ್ಮ ಮನೆಯವರೂ ಹರಿಹರದಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯರಾಗಿದ್ದರು. ಅನೇಕ ವರ್ಷ ಇಬ್ಬರೂ ಬೆಳಗಿನ ರೈಲಿನಲ್ಲಿ ಜೊತೆಗೆ ಹೋಗುತ್ತಿದ್ದೆವು. ಹದಿನಾಲ್ಕು ಕಿಲೋಮೀಟರು, ಇಪ್ಪತ್ತು ನಿಮಿಷ. ಅವರು ಚೀಲದಿಂದ ಬಟ್ಟೆಯ ತುಂಡುಗಳನ್ನೂ ಸೂಜಿಯನ್ನೂ ತೆಗೆದು ಕೂಡಿಸುತ್ತ ಕೂರುವರು. ನಾವು ಪತ್ರಿಕೆ ಓದುತ್ತ, "ಗಾಡಿ ಕುಲುಕುತ್ತದೆ, ಕೈಗೆ ಚುಚ್ಚಿಕೊಂಡೀಯೆ, ಮನೆಯಲ್ಲಿ ಮಾಡಬಾರದೆ?" ಎಂದು ಹೇಳಿದ್ದುಂಟು. ಅವರು ನಕ್ಕು ಸುಮ್ಮನಾಗುವರು. ಮನೆಯಲ್ಲಿ ನಮಗೆ ಓದುವ ಮೇಜು ಇತ್ತು, ದೀಪವಿತ್ತು, ಮಾತನಾಡಿಸಬಾರದೆಂಬ ಕಟ್ಟಳೆಯಿತ್ತು. ಅವರಿಗೆ ಆ ರೈಲು ಮಾತ್ರ ಇತ್ತು. ವಾತ್ಸ್ಯಾಯನನು ಎಣಿಸಿದ ಅರವತ್ತನಾಲ್ಕು ಕಲೆಗಳಲ್ಲಿ ಸೂಚೀವಾನಕರ್ಮವೂ ಒಂದೆಂದು ತರಗತಿಯಲ್ಲಿ ಹೇಳಿದವರು ನಾವೇ.

ಮಾರನೆಯ ದಿನ ನಾವು ಕಾಫಿ ಮಾಡಲು ಕಲಿಯತೊಡಗಿದೆವು. ಮೊದಲ ವಾರದ ಕಾಫಿಯ ವಿಷಯ ಬರೆಯತಕ್ಕದ್ದಲ್ಲ. ಎರಡು ಬಾರಿ ಹಾಲು ಉಕ್ಕಿತು. ವ್ಯಾನಿನ ಬಳಿಗೆ ಹೋಗುವುದು, ಮಗುವಿಗೆ ಮಂಡಕ್ಕಿ ಕಲಸಿಕೊಡುವುದು, ಹಾಲಿನವನಿಗೆ ಓಗೊಡುವುದು ನಮ್ಮ ಪಾಲಿಗೆ ಬಂದವು. ಬ್ಯಾಂಕಿನ ಕಾಗದಗಳನ್ನು ಮಗನಿಗೆ ಭಾನುವಾರಕ್ಕೆ ತೆಗೆದಿಟ್ಟೆವು. ಅವನು ಮೊದಲು ಗೊಣಗಿದನು. ರಾತ್ರಿಯ ಪಾತ್ರೆಗಳನ್ನು ವಹಿಸಿದಾಗ ಇನ್ನೂ ಸ್ವಲ್ಪ ಹೆಚ್ಚಾಗಿ ಗೊಣಗಿದನು. ಕೋಣೆಯ ಬಾಗಿಲು ಈಗ ಪೂರ್ತಿ ಮುಚ್ಚುತ್ತದೆ.

ಹದಿನೈದು ದಿನ ಕಳೆದವು. ಕೌದಿ ಅಟ್ಟದಿಂದ ಇಳಿಯಲಿಲ್ಲ. ಇಳಿಸೆಂದು ಹೇಳುವ ಧೈರ್ಯವೂ ನಮಗಿರಲಿಲ್ಲ. ಕಡೆಗೆ ಒಂದು ಸಂಜೆ ನಾಲ್ಕಕ್ಕೆ ನಾವು ಮಗುವನ್ನು ಕರೆದುಕೊಂಡು ಒಳಗೆ ಬರುವಾಗ, ಅದು ಪಡಸಾಲೆಯ ನೆಲದ ಮೇಲೆ ಹರಡಿತ್ತು. ಸೊಸೆಯು ಒಂದು ಮೂಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಮಾವ, ಅತ್ತೆ ಕೂಡಿಸಿದ ಈ ತುಂಡುಗಳ ಹೊಲಿಗೆ ಎಲ್ಲ ಸೊಟ್ಟಗಿದೆ. ಬಿಚ್ಚಿ ನೇರ ಮಾಡಲಾ?" ಎಂದು ಕೇಳಿದಳು.

ನಾವು ಕನ್ನಡಕವನ್ನು ಏರಿಸಿ ನೋಡಿದೆವು. ಹೊಲಿಗೆ ಒಂದು ಕಡೆ ಒತ್ತಾಗಿಯೂ ಒಂದು ಕಡೆ ಜಿಗಿದೂ ಹೋಗಿತ್ತು.

"ಬೇಡಮ್ಮ. ಅದು ರೈಲಿನಲ್ಲಿ ಹಾಕಿದ ಹೊಲಿಗೆ" ಎಂದೆವು.

ಆಕೆ ಸ್ವಲ್ಪ ಹೊತ್ತು ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ಅದನ್ನು ಹಾಗೆಯೇ ಬಿಟ್ಟು, ಅದರ ಪಕ್ಕದಿಂದ ತನ್ನ ಸಾಲನ್ನು ಹಿಡಿದಳು.